ನಿಂತ ಫ್ಯಾನು, ಮಾವನ ಕಣ್ಣು

ಮಾವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ, ಬೆಳಗಿನ ಹನ್ನೊಂದರ ಹೊತ್ತಿಗೆ, ನಮ್ಮ ಟೇಬಲ್ ಫ್ಯಾನು ನಿಂತುಹೋಯಿತು. ನಾನು ಒಲೆಯ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದೆ. ಸದ್ದು ನಿಂತದ್ದು ನನಗೆ ತಕ್ಷಣ ತಿಳಿಯಲಿಲ್ಲ. ಮಂಚದ ಮೇಲಿದ್ದ ಮಾವ, ಯಾರನ್ನೂ ಉದ್ದೇಶಿಸದೆ, ಸೂರಿಗೆ ಹೇಳುವಂತೆ, “ಕರೆಂಟೋಯ್ತೇನೋ” ಎಂದರು.

ತಲೆಯೆತ್ತಿ ನೋಡಿದೆ. ಒಲೆಯ ಮೇಲಿನ ಬಲ್ಬು ಉರಿಯುತ್ತಿತ್ತು. ಕರೆಂಟು ಇತ್ತು. ಫ್ಯಾನು ಮಾತ್ರ ಅರ್ಧ ತಿರುಗಿದ ಕತ್ತನ್ನು ಹಾಗೆಯೇ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು.

ಇದು ಎಂಬತ್ತರ ದಶಕದ ಆರಂಭದ ಮಾತು. ಆಗ ರಾಜಗೋಪಾಲನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮಾವನದು ಆ ಭಾಗದ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಪೀಣ್ಯದ ಕಾರ್ಖಾನೆಗಳಿಗೆ ಹೋಗಿತ್ತು. ಉಳಿದ ಒಂದು ತುಂಡು ಜಾಗದಲ್ಲಿ ಸಿಮೆಂಟ್ ಶೀಟಿನ ಆರು ಮನೆಗಳ ಸಾಲು ಕಟ್ಟಿಸಿ, ಐದನ್ನು ಬಾಡಿಗೆಗೆ ಕೊಟ್ಟು, ರಸ್ತೆ ಕಡೆಯ ಮೊದಲ ಮನೆಯಲ್ಲಿ ನಾವು ಮೂವರು ಇದ್ದೆವು: ಮಾವ, ನನ್ನ ಗಂಡ, ನಾನು. ಅತ್ತೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಏಪ್ರಿಲ್ ತಿಂಗಳಲ್ಲಿ ಆ ಶೀಟು ಬೆಳಿಗ್ಗೆ ಒಂಬತ್ತಕ್ಕೇ ಕಾಯಲು ಶುರುವಾಗುತ್ತಿತ್ತು. ಮಧ್ಯಾಹ್ನ ಒಳಗೆ ನಿಂತರೆ ನೆತ್ತಿಯ ಮೇಲೆ ಕಾದ ಹೆಂಚು ಇಟ್ಟಂತೆ. ಉಳಿದ ವರ್ಷಗಳಲ್ಲಿ ನಾವು ಅದನ್ನು ಹೇಗೋ ತಳ್ಳುತ್ತಿದ್ದೆವು. ಬೇವಿನ ಮರದ ಕೆಳಗೆ ಚಾಪೆ ಹಾಕಿಕೊಂಡರೆ ಆಗುತ್ತಿತ್ತು. ಆ ವರ್ಷ ಮಾವ ಮನೆಯಿಂದ ಹೊರಗೆ ಬರುವಂತಿರಲಿಲ್ಲ.

ಈಗಿನಂತೆ ಕಣ್ಣಿನ ಪೊರೆ ತೆಗೆಸಿಕೊಂಡು ಅದೇ ದಿನ ಆಟೋದಲ್ಲಿ ಮನೆಗೆ ಬರುವ ಕಾಲವಲ್ಲ ಅದು. ಕಣ್ಣಿಗೆ ಹೊಲಿಗೆ ಹಾಕುತ್ತಿದ್ದರು. ಆಪರೇಷನ್ ಆದದ್ದು ಬಲಗಣ್ಣಿಗೆ, ಆದರೆ ಎಡಗಣ್ಣು ಆಡಿದರೆ ಬಲಗಣ್ಣೂ ಆಡುತ್ತದೆಂದು ಎರಡಕ್ಕೂ ಪಟ್ಟಿ ಕಟ್ಟಿದ್ದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು.

“ನೋಡಮ್ಮ, ಕೆಮ್ಮಬಾರದು, ಬಗ್ಗಬಾರದು, ತಲೆ ಜೋರಾಗಿ ಅಲ್ಲಾಡಿಸಬಾರದು. ಎಲ್ಲಕ್ಕಿಂತ ಮುಖ್ಯ, ಕೈ ಕಣ್ಣಿಗೆ ಹೋಗಬಾರದು. ಬೆವರು ಪಟ್ಟಿ ಒಳಗೆ ಇಳಿದ್ರೆ ಕಡಿಯುತ್ತೆ. ಕಡಿದ್ರೆ ಅವರಿಗೇ ಗೊತ್ತಿಲ್ಲದ ಹಾಗೆ ಉಜ್ಜಿಕೊಂಡುಬಿಡ್ತಾರೆ. ಮನೆಯಲ್ಲಿ ಗಾಳಿ ಆಡುತ್ತೇನಮ್ಮ?”

“ಫ್ಯಾನು ತಂದಿದೀವಿ ಮೇಡಂ.”

“ಗಾಳಿ ನೇರವಾಗಿ ಮುಖಕ್ಕೆ ಹೊಡೀಬಾರದು. ಆ ಕಡೆ ಈ ಕಡೆ ತಿರುಗೋ ಹಾಗೆ ಇಡಿ.”

ಅದೇ ವಾರ್ಡಿನಲ್ಲಿ ಮಾವನ ಎದುರಿನ ಹಾಸಿಗೆಯಲ್ಲಿ ನೆಲಮಂಗಲದ ಕಡೆಯ ಒಬ್ಬರಿದ್ದರು. ನಿದ್ದೆಗಣ್ಣಿನಲ್ಲಿ ಪಟ್ಟಿ ಕಿತ್ತು ಉಜ್ಜಿಕೊಂಡು, ಹೊಲಿಗೆ ಬಿಟ್ಟು, ಮತ್ತೆ ಆಪರೇಷನ್ ಕೋಣೆಗೆ ಹೋಗಿ ಬಂದರೂ ಆ ಕಣ್ಣು ಉಳಿಯಲಿಲ್ಲ. ಅವರ ಹೆಂಡತಿ ಕಾರಿಡಾರಿನಲ್ಲಿ ಕೂತು ಅಳುತ್ತಿದ್ದುದನ್ನು ನಾನು ನೋಡಿದ್ದೆ. ಆದ್ದರಿಂದ ಮನೆಗೆ ಬಂದ ಮೇಲೆ ನನ್ನ ಜೀವವೆಲ್ಲ ಆ ಫ್ಯಾನಿನಲ್ಲಿತ್ತು. ನನ್ನ ಗಂಡ ಅದನ್ನು ಊರು ಬಿಟ್ಟು ಹೋಗುತ್ತಿದ್ದ ತನ್ನ ಜೊತೆಗಾರನಿಂದ ಕೊಂಡು ತಂದಿದ್ದ. ಹಸಿರು ಬಣ್ಣದ, ಭಾರವಾದ ಹಳೆಯ ಫ್ಯಾನು. ಹಗಲೂ ರಾತ್ರಿ ಕತ್ತು ತಿರುಗಿಸುತ್ತ ಎರಡು ದಿನ ಎಡೆಬಿಡದೆ ಓಡಿತ್ತು.

ನಾನು ಆ ದಿನಗಳಲ್ಲಿ ಕೆಲಸಕ್ಕೆ ರಜೆ ಹಾಕಿದ್ದೆ. ನನ್ನ ಕೆಲಸವೇನು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ, ಫ್ಯಾನು ಮಿಕ್ಸಿಗಳ ಮೋಟಾರುಗಳಿಗೆ ತಾಮ್ರದ ತಂತಿಯ ಕಾಯಿಲು ಸುತ್ತುವುದು. ನಾವು ಏಳು ಜನ ಹೆಂಗಸರು ಒಂದೇ ಉದ್ದನೆಯ ಮೇಜಿನ ಮುಂದೆ ಕೂರುತ್ತಿದ್ದೆವು. ಸೂಕ್ಷ್ಮ ಕೆಲಸ. ಸುತ್ತು ಒಂದು ಕಡಿಮೆಯಾದರೂ, ತಂತಿಯ ಮೇಲಿನ ಲೇಪ ಒಂದು ಕಡೆ ಕೆರೆದರೂ, ಟೆಸ್ಟಿಂಗ್ ಮೇಜಿನಿಂದ ವಾಪಸು ಬರುತ್ತಿತ್ತು. ನಾನು ಸುತ್ತಿದ್ದು ವಾಪಸು ಬರುವುದು ಅಪರೂಪ ಎಂಬ ಜಂಬವೂ ನನಗಿತ್ತು.

ಮನೆಯ ಹೆಂಗಸು ಕಾರ್ಖಾನೆಗೆ ಹೋಗುವುದು ಮಾವನಿಗೆ ಇಷ್ಟವಿರಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಮದುವೆಯಾಗಿ ಎರಡು ವರ್ಷವಾಗಿದ್ದರೂ ನನ್ನೊಂದಿಗೆ ನೇರವಾಗಿ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಊಟ ಬೇಕಾದರೆ “ಹೊತ್ತಾಯ್ತು” ಎನ್ನುವರು. ನೀರು ಬೇಕಾದರೆ ಚೊಂಬನ್ನು ನೆಲಕ್ಕೆ ಕುಕ್ಕುವರು. ಆಸ್ಪತ್ರೆಯಿಂದ ಬಂದ ಮೇಲೂ ಹಾಗೆಯೇ. ನಾನು ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಬೇಕಾಗಿ ಬಂದದ್ದು ಅವರಿಗೆ ಬಹಳ ನಾಚಿಕೆಯ ವಿಷಯವಾಗಿತ್ತೆಂದು ಈಗ ಅನ್ನಿಸುತ್ತದೆ. ಆಗ ನನಗೆ ಬರೀ ಕೋಪ ಬರುತ್ತಿತ್ತು.

ಫ್ಯಾನಿನ ಗುಂಡಿ ಒತ್ತಿ ನೋಡಿದೆ. ಒಂದು, ಎರಡು, ಮೂರು. ಏನೂ ಇಲ್ಲ. ಮೋಟಾರಿಗೆ ಕರೆಂಟು ಹೋಗುತ್ತಿದ್ದರೆ ತಿರುಗದಿದ್ದರೂ ಗುಂಯ್ ಎಂದು ಒಂದು ಸದ್ದು ಇರುತ್ತದೆ. ಅದೂ ಇಲ್ಲ. ಪ್ಲಗ್ಗನ್ನು ಕಿತ್ತು ಬಿಚ್ಚಿದೆ. ಒಳಗಿನ ಸ್ಕ್ರೂಗಳು ಬಿಗಿಯಾಗಿದ್ದವು. ಗೋಡೆಯ ಸಾಕೆಟ್ಟಿಗೆ ನನ್ನ ಟೆಸ್ಟ್ ಲ್ಯಾಂಪು ಹಚ್ಚಿ ನೋಡಿದೆ, ಉರಿಯಿತು. ಹಾಗಾದರೆ ದೋಷ ಫ್ಯಾನಿನೊಳಗೇ.

ಶೆಡ್ಡಿನ ಅಭ್ಯಾಸದಿಂದ ಮನೆಯಲ್ಲೂ ಒಂದು ಟೆಸ್ಟ್ ಲ್ಯಾಂಪು ಮಾಡಿಟ್ಟುಕೊಂಡಿದ್ದೆ. ದೊಡ್ಡ ಯಂತ್ರವೇನಲ್ಲ. ಬಲ್ಬು ಹಾಕಿದ ಒಂದು ಹೋಲ್ಡರು, ಸಾಕೆಟ್ಟಿಗೆ ಸಿಕ್ಕಿಸುವ ಪ್ಲಗ್ಗು, ಎರಡು ವೈರಿನ ತುದಿ. ಆ ಎರಡು ತುದಿಗಳ ನಡುವೆ ತಂತಿ ಎಲ್ಲೂ ಕಡಿಯದೆ ಸರಾಗವಾಗಿದ್ದರೆ ಬಲ್ಬು ಉರಿಯುತ್ತದೆ, ಎಲ್ಲಾದರೂ ತುಂಡಾಗಿದ್ದರೆ ಉರಿಯುವುದಿಲ್ಲ. ಅಷ್ಟೇ.

ಅಷ್ಟರಲ್ಲಿ ಮಾವನ ಹಣೆಯ ಮೇಲೆ ಬೆವರಿನ ಹನಿ ಕಟ್ಟಿತು. ಅವರ ಬಲಗೈ ಮೆಲ್ಲನೆ ಎದ್ದು ಗಲ್ಲದ ತನಕ ಬಂದು, ಏನೋ ನೆನಪಾದಂತೆ ಮತ್ತೆ ಮಂಚದ ಅಂಚನ್ನು ಹಿಡಿಯಿತು. ನನಗೆ ನೆಲಮಂಗಲದವರ ಹೆಂಡತಿಯ ಮುಖ ಕಣ್ಣಮುಂದೆ ಬಂತು. ಬಟ್ಟೆಯಿಂದ ಹಣೆ ಒತ್ತಿದೆ. ಒರೆಸುವಂತಿರಲಿಲ್ಲ, ಒತ್ತಬೇಕಿತ್ತು.

ಹೊರಗೆ ಓಡಿ ಎರಡನೆಯ ಮನೆಯ ಅಕ್ಕನನ್ನು ಕೂಗಿದೆ. ಕೋಲಾರದ ಕಡೆಯವರು, ನಮ್ಮ ಬಾಡಿಗೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವರು ಒಂದು ನೋಟದಲ್ಲೇ ವಿಷಯ ತಿಳಿದುಕೊಂಡು, ಗೋಡೆಗೆ ಒರಗಿಸಿದ್ದ ಮೊರ ತೆಗೆದುಕೊಂಡು ಮಂಚದ ಕಾಲ ಬುಡದಲ್ಲಿ ಕೂತರು.

“ನಾ ಬೀಸ್ತಾ ಇರ್ತೀನಿ. ನೀ ಅದನ್ನ ಅಂಗಡಿಗೆ ತಗೊಂಡೋಗಮ್ಮ, ಬಿರ್‍ನೆ ಓಗು.”

ಫ್ಯಾನನ್ನು ಮಗುವಿನಂತೆ ಸೊಂಟದ ಮೇಲೆ ಇಟ್ಟುಕೊಂಡು ಮೇನ್ ರೋಡಿನ ರಿಪೇರಿ ಅಂಗಡಿಗೆ ನಡೆದೆ. ಬಿಸಿಲಿಗೆ ಟಾರು ಚಪ್ಪಲಿಗೆ ಅಂಟುತ್ತಿತ್ತು. ಅಂಗಡಿಯವರು ರೇಡಿಯೋ ಒಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಫ್ಯಾನಿನ ಪ್ಲಗ್ಗು ಸಿಕ್ಕಿಸಿ, ಗುಂಡಿ ಒತ್ತಿ, ಕಿವಿ ಹತ್ತಿರ ತಂದು ಕೇಳಿ, ಕಿತ್ತು ನನ್ನ ಕೈಗೆ ಕೊಟ್ಟರು.

“ಕಾಯಿಲ್ ಹೋಗಿದೆಯಮ್ಮ. ಪೂರಾ ರಿವೈಂಡಿಂಗ್ ಮಾಡ್ಬೇಕು. ಬಿಟ್ಟೋಗಿ, ಶನಿವಾರ ಬನ್ನಿ.”

ಅವತ್ತು ಬುಧವಾರ.

“ಬಿಚ್ಚಿ ನೋಡಣ್ಣ ಒಂದ್ಸಲ. ಮನೇಲಿ ಕಣ್ಣಿನ ಆಪರೇಷನ್ ಆದವರಿದ್ದಾರೆ.”

“ಸೌಂಡೇ ಇಲ್ಲ ಅಂದ್ರೆ ಕಾಯಿಲೇ ಕಣಮ್ಮ. ಬಿಚ್ಚಿದ್ರೂ ಅದೇ, ಬಿಚ್ಚದಿದ್ರೂ ಅದೇ. ಈ ರೇಡಿಯೋ ಸಂಜೆ ಒಳಗೆ ಕೊಡ್ಬೇಕು ನಾನು.”

“ಕಾಯಿಲ್ ಸುತ್ತೋದು ನನಗೂ ಗೊತ್ತು. ಅದೇ ನನ್ನ ಕೆಲಸ.”

“ಹಂಗಾದ್ರೆ ನೀವೇ ಸುತ್ಕೊಳಿ,” ಎಂದು ನಕ್ಕರು. ಕೆಟ್ಟ ನಗೆಯಲ್ಲ, ಆದರೂ ನನಗೆ ಚುಚ್ಚಿತು. ಫ್ಯಾನನ್ನು ಮತ್ತೆ ಸೊಂಟಕ್ಕೇರಿಸಿ ವಾಪಸು ಬಂದೆ.

ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಗಂಡ ಬರುವುದು ಸಂಜೆ ಆರಕ್ಕೆ. ಅವನು ಲೇತಿನ ಕೆಲಸಗಾರ, ಕಬ್ಬಿಣದ ಮಾತು ಕೇಳಿದರೆ ಹೇಳುತ್ತಾನೆ, ಕರೆಂಟಿನ ಕೆಲಸವೆಂದರೆ ದೂರ. ಕಾಯಿಲು ನಿಜವಾಗಿ ಸುಟ್ಟಿದ್ದರೆ ಶೆಡ್ಡಿಗೆ ಒಯ್ದು, ಹಳೆಯದನ್ನು ಕಿತ್ತು, ಹೊಸದು ಸುತ್ತಿ, ವಾರ್ನಿಷಿನಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿ ತರಲು ನನಗೂ ಎರಡು ದಿನ ಬೇಕು. ಎರಡು ದಿನ ಮಾವನ ಕೈ ಕಾಯುವವರು ಯಾರು?

ಮನೆಗೆ ಬಂದಾಗ ಅಕ್ಕ ಒಂದು ಕೈಯಲ್ಲಿ ಮೊರ ಬೀಸುತ್ತ, ಇನ್ನೊಂದರಲ್ಲಿ ಮಾವನ ಮಣಿಕಟ್ಟು ಹಿಡಿದುಕೊಂಡು ಕೂತಿದ್ದರು.

“ಎರಡು ಸಲ ಓಯ್ತಮ್ಮ ಕೈ,” ಎಂದು ಪಿಸುಗುಟ್ಟಿದರು. “ಅವರಿಗೂ ಗೊತ್ತಾಯ್ತಾ ಇಲ್ಲ. ತಾನಾಗೇ ಓಗ್ತದೆ.”

ಮಾವ ತುಟಿ ಬಿಗಿದುಕೊಂಡಿದ್ದರು. ಹೊರಗಿನ ಹೆಂಗಸೊಬ್ಬರು ಕೈ ಹಿಡಿದು ಕೂರುವ ಸ್ಥಿತಿ ತಮಗೆ ಬಂತಲ್ಲ ಎಂಬ ಸಂಕಟ ಆ ತುಟಿಯಲ್ಲಿತ್ತು.

ನಾನು ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟಿದೆ. ಎರಡು ಬಕೆಟ್ ನೀರು ಶೀಟಿನ ಮೇಲೆ ಎರಚಿದೆ. ಅದು ಚುರ್ ಎಂದು ಹಬೆಯಾಗಿ ಹೋಯಿತು. ಆಮೇಲೆ ಮಂಚದ ಪಕ್ಕದಲ್ಲೇ ನೆಲದ ಮೇಲೆ ಹಳೆಯ ಸೀರೆ ಹಾಸಿ, ಫ್ಯಾನು ಮಲಗಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಕೂತೆ.

ಮುಂದಿನ ಜಾಲರಿ ತೆಗೆದೆ, ರೆಕ್ಕೆ ತೆಗೆದೆ. ಮೋಟಾರಿನ ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಬಿಚ್ಚಿ ನೆಲದ ಮೇಲೆ ಇಡಲು ಹೋದವಳು ತಲೆಯೆತ್ತಿದೆ. ಮಾವನ ಎಡಗೈ ಎದೆಯ ಮೇಲಿಂದ ಮೆಲ್ಲಗೆ ಮೇಲಕ್ಕೆ ಹೊರಟಿತ್ತು. ಯೋಚನೆ ಮಾಡಲು ಸಮಯವಿರಲಿಲ್ಲ. ಆ ಕೈಯನ್ನು ಹಿಡಿದು, ಅಂಗೈ ಬಿಡಿಸಿ, ನಾಲ್ಕೂ ಸ್ಕ್ರೂಗಳನ್ನು ಅದರಲ್ಲಿ ಇಟ್ಟುಬಿಟ್ಟೆ.

“ಮಾವ, ಇವನ್ನ ಸ್ವಲ್ಪ ಹಿಡ್ಕೊಂಡಿರಿ. ಕೆಳಗಿಟ್ರೆ ಉರುಳಿ ಹೋಗ್ತವೆ.”

ಅವರು ಮುಷ್ಟಿ ಕಟ್ಟಿದರು. ಆಮೇಲೆ ಬೆರಳುಗಳು ಮುಷ್ಟಿಯೊಳಗೆ ಆಡತೊಡಗಿದವು.

“ನಾಕವೆ,” ಎಂದರು.

“ಹೂಂ ಮಾವ, ನಾಲ್ಕು.”

“ಒಂದರ ತಲೆ ಸವೆದೋಗೈತೆ. ಅದನ್ನ ಬಿಗೀವಾಗ ಜ್ವಾಪಾನ. ಜಾರ್ತದೆ.”

ನಾನು ತೆಗೆದು ನೋಡಿದೆ. ನಿಜ, ಒಂದರ ಗೆರೆ ಸವೆದಿತ್ತು. ಬಿಚ್ಚುವಾಗ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಅಕ್ಕ ಮೊರ ಬೀಸುವುದನ್ನು ಅರೆಗಳಿಗೆ ನಿಲ್ಲಿಸಿ ನನ್ನ ಮುಖ ನೋಡಿದರು.

ಅಲ್ಲಿಂದ ಮುಂದಕ್ಕೆ ನಾನು ಬಿಚ್ಚಿದ್ದನ್ನೆಲ್ಲ ಅವರ ಕೈಗೆ ಕೊಡತೊಡಗಿದೆ. ವಾಷರು, ನಟ್ಟು, ಕತ್ತು ತಿರುಗಿಸುವ ಸಣ್ಣ ಹಲ್ಲಿನ ಚಕ್ರ. ಒಂದೊಂದನ್ನೂ ಅವರು ಬೆರಳಲ್ಲಿ ಹೊರಳಿಸಿ, ಇದು ಏನು ಮಾಡುತ್ತದೆ, ಎಲ್ಲಿ ಕೂರುತ್ತದೆ ಎಂದು ಕೇಳುವರು. ನಾನು ಹೇಳುವೆನು. ತಾವು ಯಾರನ್ನು ಕೇಳುತ್ತಿದ್ದೇವೆ ಎಂಬುದು ಅವರಿಗೆ ಮರೆತೇ ಹೋದಂತಿತ್ತು. ಕೈ ಕಣ್ಣಿನ ಕಡೆ ಹೋಗುವುದು ನಿಂತಿತ್ತು. ಅಷ್ಟು ಸಾಕಾಗಿತ್ತು ನನಗೆ.

ಕೆಳಗಿನ ತಟ್ಟೆ ಬಿಚ್ಚಿ ಗುಂಡಿಗಳನ್ನು ಪರೀಕ್ಷಿಸಿದೆ. ಶಾಕ್ ಹೊಡೆಯದಂತೆ ಮರದ ಹಲಗೆಯ ಮೇಲೆ ಕೂತು, ಟೆಸ್ಟ್ ಲ್ಯಾಂಪಿನ ತುದಿಗಳನ್ನು ಮುಟ್ಟಿಸಿದರೆ ಬಲ್ಬು ಉರಿಯಿತು. ಗುಂಡಿಗಳು ಸರಿಯಾಗಿವೆ. ಅಲ್ಲಿಂದ ಎರಡು ವೈರು ಫ್ಯಾನಿನ ಕತ್ತಿನ ಒಳಗಿನಿಂದ ಮೇಲೆ ಮೋಟಾರಿಗೆ ಹೋಗುತ್ತವೆ. ಆ ಎರಡರ ಕೆಳತುದಿಗಳಿಗೆ ಲ್ಯಾಂಪು ಮುಟ್ಟಿಸಿದೆ. ಉರಿಯಲಿಲ್ಲ. ಇನ್ನೊಮ್ಮೆ ಕೆರೆದು, ಒತ್ತಿ ಹಿಡಿದು ನೋಡಿದೆ. ಇಲ್ಲ.

ಅಂಗಡಿಯವರು ಹೇಳಿದ್ದು ಸರಿ ಎಂದುಕೊಂಡೆ. ಕಾಯಿಲೇ ಕಡಿದಿದೆ. ಲ್ಯಾಂಪಿನ ತುದಿಗಳನ್ನು ಕೆಳಗಿಟ್ಟೆ.

“ಏನಾಯ್ತು?” ಎಂದರು ಮಾವ. ನನ್ನ ಕೈ ನಿಂತದ್ದು ಅವರಿಗೆ ಸದ್ದಿನಲ್ಲೇ ತಿಳಿದಿತ್ತು.

“ಕಾಯಿಲು ಹೋಗಿದೆ ಮಾವ. ಒಳಗೆ ಸುತ್ತಿರೋ ತಂತಿ. ಅದನ್ನ ಕಿತ್ತು ಹೊಸದು ಸುತ್ತಬೇಕು.”

“ನೀನೇ ಸುತ್ತೀಯಾ?”

ನೀನು ಎಂದು ನನ್ನನ್ನು ಕರೆದದ್ದು ಅದೇ ಮೊದಲಿರಬೇಕು.

“ಸುತ್ತೀನಿ. ಆದ್ರೆ ಇವತ್ತೇ ಆಗಲ್ಲ.”

ಅವರು ಮೂಗಿನಿಂದ ಎರಡು ಸಲ ಗಾಳಿ ಎಳೆದುಕೊಂಡರು. ಆಮೇಲೆ, “ಸುಟ್ಟ ವಾಸ್ನೆ ಬರ್ತಾ ಇಲ್ವಲ್ಲ,” ಎಂದರು.

“ಏನು ಮಾವ?”

“ನಮ್ಮ ಪಂಪ್ ಸೆಟ್ಟು ಸುಟ್ಟೋದಾಗ ಆಚೆ ಹೊಲದವರ್‍ಗೂ ನಾರ್ತಿತ್ತು. ಮೂರು ದಿನ ಓಗಿರ್ಲಿಲ್ಲ. ಇದು ನನ್ನ ಪಕ್ಕದಾಗೇ ನಿಂತೋಯ್ತು, ಏನೂ ನಾರ್ಲಿಲ್ಲ. ತತ್ತಾ ಇಲ್ಲಿ ಅದನ್ನ.”

ಮೋಟಾರಿನ ಒಡಲನ್ನು, ಕಾಯಿಲಿನ ಸುರುಳಿಗಳಿರುವ ಭಾಗವನ್ನು, ಎರಡೂ ಕೈಯಲ್ಲಿ ಎತ್ತಿ ಅವರ ಮೂಗಿನ ಹತ್ತಿರ ಹಿಡಿದೆ. ತಲೆ ಅಲ್ಲಾಡಿಸದೆ ಒಂದು ಸಲ ದೀರ್ಘವಾಗಿ ಉಸಿರೆಳೆದುಕೊಂಡರು.

“ಬರೀ ಎಣ್ಣೆ, ಧೂಳು.”

ನಾನೂ ಮೂಸಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಸುರುಳಿಗಳ ಮೇಲಿನ ವಾರ್ನಿಷು ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು, ಎಲ್ಲೂ ಕಪ್ಪಾಗಿರಲಿಲ್ಲ. ದಿನಕ್ಕೆ ಹತ್ತಾರು ಕಾಯಿಲು ನೋಡುವ ನಾನು ಇದನ್ನು ಮೊದಲೇ ನೋಡಬೇಕಿತ್ತು. ಆದರೆ ನನ್ನ ಕೆಲಸ ಕಾಯಿಲಿನದು, ಶೆಡ್ಡಿನಲ್ಲಿ ಏನೇ ಕೆಟ್ಟರೂ ನನ್ನ ಮೇಜಿಗೆ ಬರುತ್ತಿದ್ದುದು ಕಾಯಿಲಿನ ದೂರು. ಹಾಗಾಗಿ ಮನಸ್ಸು ಬೇರೆ ಕಡೆ ಹೋಗಿರಲೇ ಇಲ್ಲ. ಆದರೂ ಲ್ಯಾಂಪು ಉರಿಯಲಿಲ್ಲವಲ್ಲ? ಸುಡದೆಯೂ ತಂತಿ ಒಳಗೆ ಎಲ್ಲಾದರೂ ಕಡಿದಿರಬಹುದು. ಅದನ್ನು ಹುಡುಕಬೇಕಾದರೆ ಸುರುಳಿಗಳನ್ನು ಕಟ್ಟಿದ ದಾರ ಕತ್ತರಿಸಬೇಕು. ಒಮ್ಮೆ ಕತ್ತರಿಸಿದರೆ ಮತ್ತೆ ಹಿಂದಕ್ಕೆ ಬರುವ ಮಾತಿಲ್ಲ.

ಬ್ಲೇಡು ಕೈಗೆ ತೆಗೆದುಕೊಂಡೆ.

“ಅದೇನು ನೇತಾಡ್ತಾ ಐತೆ ನನ್ನ ಕೈಗೆ?” ಎಂದರು ಮಾವ.

ಮೋಟಾರಿನ ಒಡಲನ್ನು ನಾನು ಮಂಚದ ಅಂಚಿನಲ್ಲೇ ಇಟ್ಟಿದ್ದೆ. ಕತ್ತಿನಿಂದ ಎಳೆದು ತೆಗೆದಿದ್ದ ಎರಡು ವೈರುಗಳು ಅವರ ಬೆರಳಿಗೆ ತಾಗುತ್ತಿದ್ದವು.

“ಅದು ಕೆಳಗಿನ ಗುಂಡಿಯಿಂದ ಮೋಟಾರಿಗೆ ಬರೋ ವೈರು ಮಾವ.”

“ಎಲ್ಲಿಂದ ಹಾದು ಬರ್ತದೆ?”

“ಕತ್ತಿನ ಒಳಗಿಂದ.”

“ಅದು ಎರಡು ದಿನದಿಂದ ಕತ್ತು ತಿರುಗಿಸ್ತಾನೇ ಇತ್ತಲ್ಲ,” ಎಂದರು. ಹಾಗೆನ್ನುತ್ತಲೇ ಒಂದು ವೈರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಬುಡದಿಂದ ತುದಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ, ಪ್ರತಿ ಅಂಗುಲದಲ್ಲೂ ಮೆಲ್ಲನೆ ಬಾಗಿಸಿ ನೋಡತೊಡಗಿದರು. ಅಕ್ಕ ಮೊರ ಬೀಸುವುದನ್ನು ಬಿಡಲಿಲ್ಲ. ನಾನು ಬ್ಲೇಡು ಹಿಡಿದುಕೊಂಡೇ ಕೂತಿದ್ದೆ. ಒಂದು ವೈರು ಮುಗಿಯಿತು. ಇನ್ನೊಂದನ್ನು ಹಿಡಿದರು. ಅರ್ಧಕ್ಕೆ ಬಂದ ಬೆರಳು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಅಲ್ಲೇ ನಿಂತಿತು.

“ಇಲ್ಲಿ ಮೆತ್ತಗೈತೆ,” ಎಂದರು. “ಮ್ಯಾಲಿನ ಚರ್ಮ ಐತೆ. ಒಳಗೆ ಏನೂ ಇಲ್ಲ.”

ನಾನು ಆ ಜಾಗವನ್ನು ಹಿಡಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ವೈರಿನ ಮೇಲಿನ ಕಪ್ಪು ಹೊದಿಕೆ ಸ್ವಲ್ಪವೂ ಬಿರಿದಿರಲಿಲ್ಲ. ಬಾಗಿಸಿದಾಗ ಮಾತ್ರ ಉಳಿದ ಕಡೆ ಇದ್ದ ಬಿಗಿ ಅಲ್ಲಿರಲಿಲ್ಲ. ಬ್ಲೇಡಿನಿಂದ ಆ ಒಂದು ಜಾಗದ ಹೊದಿಕೆಯನ್ನು ಸೀಳಿದೆ. ಒಳಗಿನ ತಾಮ್ರದ ಎಳೆಗಳು ಪೂರ್ತಿ ತುಂಡಾಗಿ, ಎರಡು ತುದಿಗಳ ನಡುವೆ ಅಕ್ಕಿಕಾಳಿನಷ್ಟು ಸಂದು ಬಿಟ್ಟಿತ್ತು.

ಮಾವನ ಕೈಯಲ್ಲಿದ್ದುದನ್ನೆಲ್ಲ ಬಿಡಿಸಿಕೊಂಡು, ಮೋಟಾರನ್ನು ಮಂಚದಿಂದ ಎತ್ತಿ ನೆಲಕ್ಕೆ ತಂದೆ. ಸಂದಿನ ಮೋಟಾರಿನ ಕಡೆಯ ತುದಿಗೆ ಲ್ಯಾಂಪಿನ ಒಂದು ವೈರು, ಚೆನ್ನಾಗಿದ್ದ ವೈರಿನ ತುದಿಗೆ ಇನ್ನೊಂದು ಸಿಕ್ಕಿಸಿ, ಅಕ್ಕನಿಗೆ, “ದೂರ ಸರೀರಿ ಅಕ್ಕ,” ಎಂದು ಸ್ವಿಚ್ಚು ಹಾಕಿದೆ. ಬಲ್ಬು ಮಂಕಾಗಿ, ಕೆಂಪಗೆ ಉರಿಯಿತು. ಕಾಯಿಲಿನ ಮೂಲಕ ಬಂದರೆ ಹಾಗೇ ಉರಿಯಬೇಕು.

“ಉರೀತು ಮಾವ! ಕಾಯಿಲು ಚೆನ್ನಾಗಿದೆ!”

“ಅಂಗೆ ಕೂಗಬ್ಯಾಡ,” ಎಂದರು ಮಾವ. “ನಂಗೆ ನಗು ಬಂದ್ರೆ ಹೊಲಿಗೆ ಬಿಡ್ತದೆ.”

ಅಕ್ಕ ಮೊರದಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ತುಂಡಾದ ಭಾಗ ಕತ್ತರಿಸಿ ತೆಗೆದು, ಎರಡೂ ತುದಿಗಳ ತಾಮ್ರವನ್ನು ಹೊಳೆಯುವ ತನಕ ಕೆರೆದು, ಒಂದರೊಳಗೊಂದು ಹೆಣೆದು ಬಿಗಿಯಾಗಿ ತಿರುಚಿದೆ. ಶೆಡ್ಡಿನಿಂದ ತಂದಿದ್ದ ಹತ್ತಿಯ ಟೇಪು ಮನೆಯಲ್ಲಿತ್ತು, ಅದರ ಮೇಲೆ ಹಾಕುವ ತೆಳು ಕೊಳವೆಯೂ ಒಂದು ತುಂಡಿತ್ತು. ಅವೆರಡನ್ನೂ ಜೋಡಣೆಯ ಮೇಲೆ ಹಾಕಿ, ವೈರನ್ನು ಮಾವನ ಬೆರಳಿಗೆ ಕೊಟ್ಟು, “ಈಗ ನೋಡಿ ಮಾವ,” ಎಂದೆ. ಎಳೆದು ನೋಡಿ, “ಗಟ್ಟಿ ಐತೆ,” ಎಂದರು.

ಜೋಡಿಸುವುದು ಬಿಚ್ಚಿದಷ್ಟು ಸುಲಭವಾಗಲಿಲ್ಲ. ಆದರೆ ಯಾವುದಾದ ಮೇಲೆ ಯಾವುದೆಂದು ನನಗೆ ಮರೆತದ್ದು ಮಾವನಿಗೆ ನೆನಪಿತ್ತು. “ತೆಳ್ಳನೇ ಬಳೆ ಮೊದಲು ಕೊಟ್ಟಿದ್ದೆ, ಹಲ್ಲಿಂದು ಆಮ್ಯಾಲೆ,” ಎನ್ನುವರು. ನಾಲ್ಕು ಸ್ಕ್ರೂಗಳನ್ನೂ ಬಿಗಿದು, ರೆಕ್ಕೆ ಹಾಕುವ ಮೊದಲು ಒಂದು ಸಲ ಪರೀಕ್ಷೆ ಮಾಡೋಣವೆಂದು ಪ್ಲಗ್ಗು ಸಿಕ್ಕಿಸಿ ಗುಂಡಿ ಒತ್ತಿದೆ.

ಗುಂಯ್ ಎಂದಿತು. ತಿರುಗಲಿಲ್ಲ.

ತಕ್ಷಣ ಗುಂಡಿ ಆರಿಸಿದೆ. ತಿರುಗದೆ ಹಾಗೆ ಬಿಟ್ಟರೆ ಚೆನ್ನಾಗಿದ್ದ ಕಾಯಿಲು ನಿಜವಾಗಿಯೂ ಸುಟ್ಟುಹೋಗುತ್ತದೆ. ಅಕ್ಕನ ಮುಖ ಸಪ್ಪಗಾಯಿತು. ಎರಡು ಗಂಟೆ ಹೊತ್ತಿನಿಂದ ಅವರು ಬೀಸುತ್ತಲೇ ಇದ್ದರು, ಕೈ ಬದಲಿಸಿ ಬದಲಿಸಿ.

ನನಗೆ ಮಾತ್ರ ಈ ಸಲ ಭಯವಾಗಲಿಲ್ಲ. ಸದ್ದು ಬಂದಿತ್ತು, ಒಳಗೆ ಕರೆಂಟು ಹೋಗುತ್ತಿತ್ತು. ಪ್ಲಗ್ಗು ಕಿತ್ತು ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಬಿಗಿಯಾಗಿತ್ತು. ಮುಚ್ಚಳ ಒಂದು ಕಡೆ ಎಳೆದುಕೊಂಡು ಕೂತಿದ್ದರೆ ಹೀಗಾಗುತ್ತದೆ ಎಂದು ಶೆಡ್ಡಿನಲ್ಲಿ ಜೋಡಿಸುವವರು ಹೇಳುವುದನ್ನು ಕೇಳಿದ್ದೆ. ಸ್ಕ್ರೂಗಳನ್ನು ಅರ್ಧ ಸಡಿಲಿಸಿ, ಲಟ್ಟಣಿಗೆಯ ತುದಿಯಿಂದ ಮುಚ್ಚಳದ ಸುತ್ತ ಮೆಲ್ಲಗೆ ತಟ್ಟಿದೆ. ತಟ್ಟುವುದು, ಶಾಫ್ಟು ತಿರುಗಿಸುವುದು, ಮತ್ತೆ ತಟ್ಟುವುದು. ಒಂದು ಕಡೆ ತಟ್ಟಿದಾಗ ಶಾಫ್ಟು ಇದ್ದಕ್ಕಿದ್ದಂತೆ ಹಗುರಾಗಿ, ಬೆರಳು ಬಿಟ್ಟ ಮೇಲೂ ಎರಡು ಸುತ್ತು ತಾನೇ ತಿರುಗಿತು. ಸ್ಕ್ರೂಗಳನ್ನು ಎದುರುಬದುರಾಗಿ ಒಂದಿಷ್ಟೊಂದಿಷ್ಟೇ ಬಿಗಿದೆ. ಸವೆದ ತಲೆಯದನ್ನು ಕೊನೆಗೆ, ಜೋಪಾನವಾಗಿ.

ರೆಕ್ಕೆ ಹಾಕಿ, ಜಾಲರಿ ಹಾಕಿ, ಗುಂಡಿ ಒತ್ತಿದೆ.

ಮೊದಲು ಸೋಮಾರಿಯಂತೆ ಒಂದು ಸುತ್ತು ಬಂತು. ಆಮೇಲೆ ಇನ್ನೊಂದು. ಆಮೇಲೆ ರೆಕ್ಕೆಗಳು ಕಾಣದಾದವು. ಗಾಳಿ ಕಿಟಕಿಯ ಒದ್ದೆ ಗೋಣಿಗೆ ತಾಗಿ ತಣ್ಣಗೆ ವಾಪಸು ಬಂತು. ಅಕ್ಕ ಮೊರವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ತೋಳು ಚಾಚಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಕತ್ತು ತಿರುಗಿಸುವ ಗುಬುಟನ್ನು ನಾನು ಮುಟ್ಟಲೇ ಇಲ್ಲ. ಫ್ಯಾನನ್ನೇ ಗೋಡೆಯ ಕಡೆ ತಿರುಗಿಸಿ ಇಟ್ಟೆ. ಗೋಡೆಗೆ ಬಡಿದ ಗಾಳಿ ಮಂಚದ ಮೇಲೆ ಹದವಾಗಿ ಹರಡಿತು.

“ನಿಮ್ಗೆ ಹೆಂಗೆ ಗೊತ್ತಾಯ್ತು ಮಾವ?” ಎಂದು ಕೇಳಿದೆ.

“ಬಾವಿ ನೀರಿಗೆ ಕಪಿಲೆ ಹೊಡೀತಿದ್ದಾಗ ಹಗ್ಗ ನೋಡ್ತಿದ್ದುದು ಅಂಗೇ ಕಣವ್ವ. ಮ್ಯಾಲೆ ಚೆಂದಾಗೇ ಕಾಣ್ತದೆ, ಒಳಗೆ ಎಳೆ ಓಗಿರ್ತದೆ. ರಾಟೆ ಮ್ಯಾಲೆ ಎಲ್ಲಿ ಬಾಗ್ತದೋ ಅಲ್ಲೇ ಓಗೋದು. ಬೆಳಕು ಅರಿಯೋಕೆ ಮುಂಚೆ ಎದ್ದು ಕೈಯಾಡಿಸಿ ನೋಡಿ ಎತ್ತು ಕಟ್ತಿದ್ದೆ. ನಡುವೆ ಕಡಿದ್ರೆ ಎತ್ತು ಮುಗ್ಗರಿಸಿ ಕಾಲು ಮುರ್ಕೋತವೆ.” ಸ್ವಲ್ಪ ತಡೆದು, “ನನ್ನ ಎತ್ತು ಒಂದೂ ಕಾಲು ಮುರ್ಕೊಂಡಿಲ್ಲ,” ಎಂದರು. ಅವರು ನನ್ನೊಂದಿಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಮಾತು ಮುಗಿದು ನಾನು ಸ್ಕ್ರೂಡ್ರೈವರ್ ಎತ್ತಿಡುವಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ಎರಡೂ ಕೈ ಹೊಟ್ಟೆಯ ಮೇಲೆ ಸುಮ್ಮನೆ ಬಿದ್ದಿದ್ದವು.

ಅಕ್ಕನಿಗೆ ನಮ್ಮ ಮನೆಯಲ್ಲೇ ಊಟ ಹಾಕಿದೆ. ಮುದ್ದೆ ತಣ್ಣಗಾಗಿತ್ತು, ಸೊಪ್ಪು ಬಿಡಿಸಿದಲ್ಲಿಗೇ ನಿಂತಿತ್ತು. ಇದ್ದ ಮಜ್ಜಿಗೆಗೇ ಉಪ್ಪು ಹಾಕಿಕೊಂಡು ಇಬ್ಬರೂ ತಿಂದೆವು. ಅಷ್ಟು ರುಚಿಯಾದ ಊಟ ಆ ಬೇಸಿಗೆಯಲ್ಲಿ ಇನ್ನೊಂದು ಮಾಡಿದ ನೆನಪಿಲ್ಲ.

ಸಂಜೆ ನನ್ನ ಗಂಡ ಬಂದು ಚಪ್ಪಲಿ ಬಿಡುತ್ತಲೇ, “ಫ್ಯಾನ್ ಯಾಕೆ ಗೋಡೆ ಕಡೆ ಇಟ್ಟಿದೀರ?” ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಾವ, “ಅದರ ಕತ್ತು ಉಳುಕಿತ್ತು. ನಾವಿಬ್ರೂ ಸರಿ ಮಾಡಿದ್ವಿ,” ಎಂದರು. ನಾವಿಬ್ಬರೂ ಎಂಬ ಮಾತು ಕೇಳಿ ಗಂಡ ನನ್ನ ಮುಖ ನೋಡಿದ. ನಾನು ಕಾಫಿ ಸೋಸುವ ನೆವದಲ್ಲಿ ಆ ಕಡೆ ತಿರುಗಿಕೊಂಡೆ.

ಹನ್ನೆರಡು ದಿನದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಸಣ್ಣ ಟಾರ್ಚು ಹಾಕಿ ನೋಡಿದರು. ಆಮೇಲೆ, “ಹೊಲಿಗೆ ಚೆನ್ನಾಗಿ ಕೂಡಿದೆ. ಒಂದು ಚೂರೂ ಕೆಂಪಿಲ್ಲ,” ಎಂದು ಮಾವನ ಮುಂದೆ ಬೆರಳು ಹಿಡಿದು, “ಎಷ್ಟು ಅಜ್ಜ?” ಎಂದರು.

“ಮೂರು,” ಎಂದರು ಮಾವ. “ಒಂದರಾಗೆ ಉಂಗುರ ಹೊಳೀತೈತೆ.”

ಡಾಕ್ಟರಮ್ಮ ನಕ್ಕರು. ನಾನು ಹೊರಗೆ ಬಂದು ಕಾರಿಡಾರಿನ ನಲ್ಲಿಯ ಹತ್ತಿರ ನಿಂತು ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದೆ.

ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಯಾರೋ ಎದ್ದು ಮಾವನಿಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಕನ್ನಡಕ ಇನ್ನೂ ಬಂದಿರಲಿಲ್ಲ, ಎಲ್ಲ ಮಸುಕಾಗಿಯೇ ಕಾಣುತ್ತಿತ್ತು ಅವರಿಗೆ. ಆದರೆ ಬಣ್ಣ ಕಾಣುತ್ತಿತ್ತು. ಯಶವಂತಪುರ ದಾಟಿದ ಮೇಲೆ ಶುರುವಾಯಿತು. “ಕೆಂಪು ಲಾರಿ,” ಎಂದರು. “ಅಲ್ಲಿ ಯಾರೋ ಹಳದಿ ಸೀರೆ ಒಣಗಾಕವ್ರೆ.” “ಈ ಗ್ವಾಡೆಗೆ ನೀಲಿ ಬಳ್ದವ್ರೆ ನೋಡವ್ವ.” ನಾನು ಕಂಬಿ ಹಿಡಿದು ಅವರ ಪಕ್ಕ ನಿಂತು, ಒಂದೊಂದಕ್ಕೂ ಹೂಂ ಮಾವ, ಹೂಂ ಮಾವ ಎನ್ನುತ್ತ, ನಮ್ಮ ಸ್ಟಾಪು ಬರುವ ತನಕ ನಿಂತೇ ಬಂದೆ.